ಸವದತ್ತಿ ಬಸ್ಸಿಗೆ ಸೋತ ಫೈಲು

ನೆಟ್‌ವರ್ಕ್ ರಿಪೇರಿ ಮಾಡುವವನಿಗೆ ಮಷೀನಿನ ಕಾಟ ಕಡಿಮೆ, ಅದರ ಪಕ್ಕ ಕುಳಿತವರ ಕಾಟ ಹೆಚ್ಚು. ಇಪ್ಪತ್ತು ವರ್ಷದ ಹಿಂದೆ ಒಂದು ಸಕ್ಕರೆ ಕಾರ್ಖಾನೆಯವರು ನನ್ನ ಬೆವರಿಳಿಸಿದ್ದು ಹೀಗೆ.

೧. ಪಂದ್ಯ

ಯಾವ ರೈತನ ಕಬ್ಬು ಯಾವತ್ತು ಕಡಿಯಬೇಕೆಂಬ ಪಾಳಿ ಪಟ್ಟಿ ದಿನಾ ಸವದತ್ತಿ ಕಚೇರಿಯಿಂದ ಕಾರ್ಖಾನೆಗೆ ನೆಟ್‌ವರ್ಕಿನಲ್ಲಿ ಬರಬೇಕು. ಸವದತ್ತಿಯಲ್ಲಿ ನಾನು ಫೈರ್‌ವಾಲ್ ಎಂಬ ಕಾವಲು ಡಬ್ಬಿ ಕೂಡಿಸಿದ ಮೇಲೆ ಫೈಲು ಎರಡು ತಾಸು ತೆವಳತೊಡಗಿತು. ಅದನ್ನೇ ಸಿ.ಡಿ.ಗೆ ಹಾಕಿ ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ ಒಂದೂವರೆ ತಾಸಿಗೆ ಹಾಜರ್.

ಕಾರ್ಖಾನೆಯ ಮ್ಯಾನೇಜರು ನನ್ನನ್ನು ಕರೆಸಿದರು. "ನೋಡ್ರಿ, ಎಂಟ ದಿನದಾಗ ನಿಮ್ಮ ಫೈಲು ಬಸ್ಸಿಗಿಂತ ಮೊದಲ ಬರಬೇಕು. ಇಲ್ಲಾಂದ್ರ ನಿಮ್ಮ ಗುತ್ತಿಗಿ ಆ ಕಂಡಕ್ಟರ್‌ಗ ಕೊಡತೇನಿ."

ನನಗಿದ್ದ ದೊಡ್ಡ ಗುತ್ತಿಗೆ ಅದೊಂದೇ. ಅಲ್ಲಿದ್ದವರೆಲ್ಲ ನಕ್ಕರು, ನನಗೆ ನಗು ಬರಲಿಲ್ಲ.

೨. ಭಂಡಾರ

ಸವದತ್ತಿಗೆ ಹೋಗಿ ನೋಡಿದರೆ ಡಬ್ಬಿ ಪೂರಾ ಹಳದಿ. ಗಾಳಿಯಾಡುವ ಕಿಂಡಿಗಳ ತುಂಬ ಅರಿಶಿನ ಪುಡಿ.

"ಎಲ್ಲಮ್ಮನ ಗುಡ್ಡದ ಭಂಡಾರರಿ," ಎಂದರು ಅಲ್ಲಿಯ ಕ್ಲಾರ್ಕ್. "ಕಾವಲಿಗೆ ಕುಂತೈತಿ ಅಂತ ನೀವ ಹೇಳಿದ್ರಲ್ಲ? ಮಂಗಳಾರ, ಶುಕ್ಕರಾರ ಪೂಜಿ ತಪ್ಪಿಸಿಲ್ರಿ."

ಒಂದು ತಾಸು ಬ್ರಷ್ಷಿನಿಂದ ಕೆರೆದೆ. ನನ್ನ ಮೀಸೆಯೂ ಹಳದಿಯಾಯಿತು. ಫೈಲು ಮಾತ್ರ ಮೊದಲಿನಷ್ಟೇ ನಿಧಾನ.

ಕ್ಲಾರ್ಕಿಗೆ ಕಾರಣ ತಕ್ಷಣ ಹೊಳೆಯಿತು: "ಭಂಡಾರ ತಗದ್ರಿ, ಇನ್ನೆಲ್ಲಿ ಓಡತೈತಿ!"

೩. ರೋಗ

ಡಬ್ಬಿ ತಪ್ಪಿಸಿ ಕಳಿಸಿದರೆ ಫೈಲು ಓಡುತ್ತಿತ್ತು, ಡಬ್ಬಿಯ ಮೂಲಕ ತೆವಳುತ್ತಿತ್ತು. ಏಳನೇ ದಿನ ರೋಗ ಸಿಕ್ಕಿತು. ತಂತಿಯ ಈ ತುದಿಯಲ್ಲಿದ್ದ ನನ್ನ ಡಬ್ಬಿ ಇಬ್ಬರೂ ಒಟ್ಟಿಗೆ ಮಾತಾಡೋಣ ಅನ್ನುತ್ತಿತ್ತು, ಆ ತುದಿಯ ಯಂತ್ರ ಒಬ್ಬರಾದ ಮೇಲೆ ಒಬ್ಬರು ಅನ್ನುತ್ತಿತ್ತು. ಡಿಕ್ಕಿ ಹೊಡೆದ ಮಾತೆಲ್ಲ ಮತ್ತೆ ಮೊದಲಿಂದ. ಈ ಸೆಟ್ಟಿಂಗ್ ಮಾಡಿದ ಬುದ್ಧಿವಂತ ಯಾರೆಂದು ಕ್ಲಾರ್ಕ್ ಕೇಳಿದರು.

ನಾನೇ. ಆದರೆ ಸೆಟ್ಟಿಂಗ್ ಸರಿಪಡಿಸಿ, ತಪ್ಪನ್ನು ಭಂಡಾರದ ಮೇಲೆ ಹಾಕಿದೆ.

೪. ತೀರ್ಪು

ಎಂಟನೇ ದಿನ ಮ್ಯಾನೇಜರ ಎದುರು ಕುಳಿತೆ. ಸವದತ್ತಿಯಿಂದ ಬಸ್ಸೂ ಫೈಲೂ ಒಟ್ಟಿಗೆ ಹೊರಟವು. ಎರಡೇ ನಿಮಿಷಕ್ಕೆ ಫೈಲು ಬಂತು! ಖುಷಿಯಿಂದ ಎದ್ದು ನಿಂತೆ.

"ಕುಂದರ್ರಿ," ಎಂದರು ಮ್ಯಾನೇಜರು. ಫೈಲು ತೆರೆಯಲೇ ಇಲ್ಲ. ಎರಡು ಸಲ ಚಹಾ ತರಿಸಿ ಒಂದೂವರೆ ತಾಸು ಕೂರಿಸಿಕೊಂಡರು. ಕಂಡಕ್ಟರ್ ಸಿ.ಡಿ. ತಂದುಕೊಟ್ಟ ಮೇಲೆ ಎರಡೂ ಪಟ್ಟಿಗಳನ್ನು ಸಾಲುಸಾಲಾಗಿ ಹೋಲಿಸಿ ತಲೆದೂಗಿದರು.

"ಭೇಷ್! ನಿಮ್ಮ ನೆಟ್‌ವರ್ಕ್ ಖರೇನ ಹೇಳತೈತಿ. ಇನ್ನ ದಿನಾ ಹಿಂಗ ಸಿ.ಡಿ. ಬಂದ ಮ್ಯಾಲ ಎರಡನ್ನೂ ತಾಳೆ ಹಾಕಿ ನೋಡೂಣು."

ಗುತ್ತಿಗೆ ಉಳಿಯಿತು. ಅದರ ಕಾಗದವನ್ನು ನನ್ನೂರು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಂದುಕೊಟ್ಟವನು ಅದೇ ಕಂಡಕ್ಟರ್.

"ತಗೋರಿ," ಎಂದ. "ಜಲ್ದಿ ಮುಟ್ಟಲಿ ಅಂತ ಸಾಹೇಬ್ರು ನನ್ನ ಕೈಯಾಗ ಕೊಟ್ಟಾರ."