ನಿರೀಕ್ಷಕಕೇಸರಿ ಮಲ್ಲೇಶಪ್ಪನವರ ಅನಿಲದಿಗ್ವಿಜಯ

ಎಲೈ ಹುಬ್ಬಳ್ಳಿಯ ಧೂಳೇ, ಬಡವ ಬಲ್ಲಿದರೆನ್ನದೆ ಸಕಲರ ಮೂಗನ್ನೂ ಸಮಭಾವದಿಂದ ಹೊಗುವ ಮಹಾಮಾಯೆಯೇ, ಒಂದು ಗಳಿಗೆ ನೆಲಕ್ಕಿಳಿದು ಕುಳಿತುಕೋ. ಕಥೆ ಹೇಳುವ ಗಂಟಲಿಗೆ ದಾರಿ ಬಿಡು. ಗೇಟಿಗೆ ಚಿಲಕ ನಿಲ್ಲದ, ಚಿಲಕಕ್ಕೆ ಬೆಸುಗೆ ನಿಲ್ಲದ, ನಿವೃತ್ತರಿಗೆ ಹೊತ್ತು ಹೋಗದ ಈ ಕಲಿಯುಗದಲ್ಲಿ, ತೊಗರಿಬೇಳೆಯಲ್ಲಿ ಅಡಗಿದ ಕೇಸರಿಬೇಳೆಯನ್ನು ಬರಿಗಣ್ಣಿಂದಲೇ ಹಿಡಿದವರೂ, ಖಾರದಪುಡಿಯಲ್ಲಿ ಅವಿತ ಇಟ್ಟಂಗಿಪುಡಿಯನ್ನು ಮೂಗಿನಿಂದಲೇ ಬಲ್ಲವರೂ, ಕಲಬೆರಕೆಕುಲಕುಠಾರರೂ, ದಲ್ಲಾಳಿಜನದುಃಸ್ವಪ್ನರೂ ಆದ ನಿವೃತ್ತ ಆಹಾರ ನಿರೀಕ್ಷಕ ಮಲ್ಲೇಶಪ್ಪ ಮೆಣಸಿನಕಾಯಿಯವರು ಒಂದು ಮಿಗ್ ವೆಲ್ಡಿಂಗ್ ಯಂತ್ರವನ್ನು ಕೊಂಡು ತಂದರು.

ಅವರ ಧರ್ಮಪತ್ನಿ ಶಶಿರೇಖಾ ಅದನ್ನು ಕಂಡು ಮೊದಲು ಹೆದರಿದರು, ಆಮೇಲೆ ನಿಟ್ಟುಸಿರು ಬಿಟ್ಟರು. ಹೆದರಿದ್ದು ಬೆಂಕಿಗೆ. ನಿಟ್ಟುಸಿರಿಗೆ ಬೇರೆ ಕಾರಣವಿತ್ತು. ನಿವೃತ್ತಿಯಾದ ಮರುದಿನದಿಂದ ಆ ಮಹಾಪುರುಷರು ಬೇಟೆಯಿಲ್ಲದೆ ಸೊರಗಿ, ಸ್ವಗೃಹದ ಪಾಕಶಾಲೆಗೇ ದಾಳಿಯಿಟ್ಟಿದ್ದರು. ಸಾಸಿವೆ ಡಬ್ಬಿ ಮೂಸುವರು, ಅರಿಷಿಣವನ್ನು ನೀರಲ್ಲಿ ಕದಡುವರು, "ಈ ಜೀರಿಗಿ ಎಲ್ಲಿಂದ ತಂದಿ?" ಎಂದು ಜಡ್ಜ್ ಮುಂದೆ ನಿಲ್ಲಿಸಿದಂತೆ ಕೇಳುವರು. ಯಂತ್ರ ಬಂದ ದಿನದಿಂದ ಅವರು ಡಬ್ಬಿಗಳ ಮುಚ್ಚಳ ತೆರೆದದ್ದಿಲ್ಲ; ಅಂಗಳದಲ್ಲಿ ಏನೋ ಗುನುಗುತ್ತಿರುವುದೂ ಕೇಳಿಬರುತ್ತಿತ್ತು.

ಮಹಾಯುದ್ಧಕ್ಕೆ ಕಾರಣ ಗೇಟು. ಅದರ ಚಿಲಕ ಮುರಿದು, ಓಣಿಯ ವರಾಹಸೈನ್ಯವು ಹಗಲುಹೊತ್ತಿನಲ್ಲೇ ಒಳನುಗ್ಗಿ ಶಶಿರೇಖಾ ಅವರ ದುಂಡುಮಲ್ಲಿಗೆಯ ಬುಡವನ್ನು ಉತ್ತುಹಾಕಿತ್ತು. ಊಟಕ್ಕೆ ಬಂದಿದ್ದ ಅವರ ತಮ್ಮ ಪ್ರಭುಲಿಂಗ, ಕಿಟಕಿಗೆ ಗ್ರಿಲ್ ಮಾಡುವ ವರ್ಕ್‌ಶಾಪಿನ ಒಡೆಯ, ಅದನ್ನು ನೋಡಿ ನಕ್ಕ.

"ಎರಡ ನಿಮಿಷದ ಕೆಲಸ ಮಾವಾ. ನಾಳೆ ಬಂದು ಟಕ್ ಅನಿಸಿ ಹೋಗ್ತೀನಿ. ನಿಮ್ಮ ಮಶೀನ್ ಹಂಗ ಕವರಿನಾಗ ಇರ್ಲಿ, ಹೊಲಸ ಆಗೂದು ಬ್ಯಾಡ."

ಆಗ ಮಲ್ಲೇಶಪ್ಪನವರು ಪ್ರಳಯಕಾಲದ ಮೇಘದಂತೆ ಎದ್ದು ನಿಂತು, "ಎಲೈ ಗ್ರಿಲ್ಲೋಪಜೀವಿಯೇ! ಬರುವ ಆದಿತ್ಯವಾರದ ಮಧ್ಯಾಹ್ನಕ್ಕೆ ಈ ಮಹಾದ್ವಾರವು ವಜ್ರಕವಾಟದಂತೆ ಮುಚ್ಚಿರದಿದ್ದರೆ ನನ್ನ ಆಯುಧವನ್ನು ನಿನ್ನ ಪಾದಕ್ಕೆ ಒಪ್ಪಿಸುವೆನು!" ಎಂದು ಗರ್ಜಿಸಿದರು. ಕಿವಿಗೆ ಬಿದ್ದದ್ದು ಮಾತ್ರ ಇಷ್ಟು: "ಲೇ ಪ್ರಭ್ಯಾ, ಮುಂದಿನ ಐತವಾರ ಬಾ. ಗೇಟು ಗಟ್ಟಿ ಹಾಕ್ಕೊಂಡಿರ್ಲಿಲ್ಲಂದ್ರ ಮಶೀನು ನೀನ ಒಯ್ಯಿ."

ಶಶಿರೇಖಾ ಕಣ್ಣ ಮುಂದೆ ಸಾಸಿವೆ ಡಬ್ಬಿ ಬಂದು ನಿಂತಿತು.

ಆದರೆ ಯಂತ್ರವೊಂದೇ ಸಾಲದು. ಕರಗಿದ ಕಬ್ಬಿಣಕ್ಕೆ ಹೊರಗಿನ ಗಾಳಿ ತಾಕಿದರೆ ಬೆಸುಗೆ ತೂತುತೂತಾಗುತ್ತದೆ. ಆ ಹೊತ್ತಿಗೆ ಅದರ ಮೇಲೆ ಕೊಡೆ ಹಿಡಿಯಲು ಒಂದು ಅನಿಲ ಬೇಕು. ಆ ಅನಿಲವನ್ನು ಅರಸಿ ದಂಪತಿಗಳು ಶುಕ್ರವಾರ ಪರಶುರಾಮಸಾ ಅವರ ಗ್ಯಾಸಂಗಡಿಗೆ ದಂಡೆತ್ತಿ ಹೋದರು. ಶಶಿರೇಖಾ ಹೋದದ್ದು, ತಾವು ಜೊತೆಗಿದ್ದರೆ ಸಿಡಿಯುವುದು ಸ್ವಲ್ಪ ಕಡಿಮೆ ಸಿಡಿಯಬಹುದೆಂಬ ನಂಬಿಕೆಯಿಂದ.

ಅಲ್ಲಿ ಸಾಲಾಗಿ ನಿಂತಿದ್ದ ಸಿಲಿಂಡರುಗಳ ನಡುವೆ, ದಿಗ್ಗಜಗಳ ನಡುವಿನ ಮಾವುತನಂತೆ ಪರಶುರಾಮಸಾ ಎದೆ ಸೆಟೆಸಿ ಕುಳಿತಿದ್ದರು. "ನನ್ನ ಗ್ಯಾಸ್ ಒಯ್ದಾಂವ ತಿರುಗಿ ಬಂದು ಜಗಳ ಮಾಡಿದ ಇತಿಹಾಸನ ಇಲ್ಲ. ಕಬ್ಬಿಣ ಏನ್ರಿ ಸಾಹೇಬ್ರ? ಬರೇ ಸಿಓಟು ಒಯ್ರಿ, ಸೋಡಾದಾಗ ಇರ್ತೈತಲ್ಲ ಅದ ಗ್ಯಾಸು, ಅಗ್ಗ. ಕಿಡಿ ಒಂಚೂರು ಜಾಸ್ತಿ ಸಿಡಿತಾವ."

"ಅದು ಬ್ಯಾಡ," ಎಂದರು ಶಶಿರೇಖಾ. ಒಂದೇ ಮಾತಿಗೆ ಮೊದಲನೆಯ ದಿಗ್ಗಜ ಉರುಳಿತು.

"ಹಂಗಾರ ಮಿಕ್ಸ್ ಒಯ್ರಿ. ಎಂಬತ್ತು ಪಾಲು ಆರ್ಗಾನು, ಇಪ್ಪತ್ತು ಪಾಲು ಸಿಓಟು. ಕಬ್ಬಿಣಕ್ಕ ಅದ ಚಲೋ."

ಮಲ್ಲೇಶಪ್ಪನವರ ಮೂಗಿನ ಹೊಳ್ಳೆಗಳು ಅರಳಿದವು. ಆ ಅರಳುವಿಕೆ ಶಶಿರೇಖಾ ಅವರಿಗೆ ಗೊತ್ತು.

"ಮಿಕ್ಸ್ ಅಂದ್ರ? ಸೋಡಾದೊಳಗ ಬುಸ್ ಅನ್ನೂ ಗ್ಯಾಸ್ ಬೆರಸಿ ಆರ್ಗಾನ್ ಅಂತ ಮಾರ್ತಿ?"

"ಆರ್ಗಾನ್ ಅಂತ ಅಲ್ರಿ, ಮಿಕ್ಸ್ ಅಂತ ಮಾರ್ತೀನಿ."

"ಬೆರಸೂದು ಹೌದಿಲ್ಲೋ?"

"ಹೌದ್ರಿ."

"ಒಪ್ಕೊಂಡ ನೋಡು!"

ಗೆದ್ದ ಹುಮ್ಮಸ್ಸಿನಲ್ಲಿ ಶುದ್ಧವಸ್ತುಪರಾಯಣರು ಭುಜ ತಟ್ಟಿದರು. ಹಾಲಿಗೆ ನೀರು ಬೆರೆಸಿದವನನ್ನು ಬಿಡದವನು, ತುಪ್ಪಕ್ಕೆ ಡಾಲ್ಡಾ ಬೆರೆಸಿದವನನ್ನು ಬಿಡದವನು, ಇಂದು ಸ್ವಂತ ಗೇಟಿಗೆ ಕಲಬೆರಕೆ ಅನಿಲ ಊದುವೆನೆ? ನವಿಲುಬಣ್ಣದ ಸಿಲಿಂಡರಿನ, ಅಪ್ಪಟ, ಅಮಿಶ್ರ ಆರ್ಗಾನೇ ಬೇಕು! ಅದು ಅಲ್ಯೂಮಿನಿಯಂಗೆ ಸರಿ, ಕಬ್ಬಿಣ ಹಿಡಿಯೋದಿಲ್ಲ ಎಂದು ಪರಶುರಾಮಸಾ ಕೂಗಿದ್ದು ಅವರ ಕಿವಿಯವರೆಗೆ ತಲುಪಲಿಲ್ಲ. ಅಪ್ಪಟ ಮಾಲನ್ನು ಮಾರಲೊಲ್ಲದ ವ್ಯಾಪಾರಿಯ ಮಾತು ಅವರ ಕಿವಿಗೆ ಎಂದೂ ತಲುಪಿದ್ದಿಲ್ಲ.

ನವಿಲುಬಣ್ಣದ ಸಿಲಿಂಡರು ಟಂಟಂ ಗಾಡಿ ಏರಿ ಮೆರವಣಿಗೆಯಲ್ಲಿ ಬಂತು. ಶಶಿರೇಖಾ ಅದನ್ನು ಜಗಲಿಯ ಕಂಬಕ್ಕೆ ಹಳೆಯ ಸೀರೆಯಿಂದ ಬಿಗಿದು ಕಟ್ಟಿದರು. ಮೇಲೆ ನೂಲಿನ ಹಗ್ಗದಿಂದ ಮತ್ತೊಮ್ಮೆ. ಅಡುಗೆ ಗ್ಯಾಸಾದರೆ ಸೋರಿದಾಗ ವಾಸನೆಯಾದರೂ ಬರುತ್ತದೆ, ಇದಕ್ಕೆ ವಾಸನೆಯೇ ಇಲ್ಲವೆಂದು ತಿಳಿದ ಮೇಲೆ ಅವರು ಹಾದುಹೋಗುವಾಗಲೆಲ್ಲ ಮೂಗೆಳೆದು ನೋಡತೊಡಗಿದರು. ವಾಸನೆ ಬರಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ.

ಇಳಿಹೊತ್ತಿಗೆ ಸಮರಾರಂಭ. ಮುಖಕವಚಧಾರಿಯಾಗಿ, ಚರ್ಮಹಸ್ತತ್ರಾಣಶೋಭಿತರಾಗಿ, ಲುಂಗಿಯ ಮೇಲೆ ಗೋಣಿತಟ್ಟು ಸುತ್ತಿಕೊಂಡ ವೀರರು ನಳಿಕೆಯನ್ನು ಒತ್ತಿದರು. ನೀಲಜ್ವಾಲೆ ಅತ್ತಿತ್ತ ತಡವರಿಸಿತು. ಹೊಗೆ ಇಳಿದಾಗ ಚಿಲಕದ ಮೇಲೆ ಬೆಸುಗೆಯು ಕಂಬಳಿಹುಳದಂತೆ ಎತ್ತರವಾಗಿ, ಸ್ವಂತ ಮರ್ಯಾದೆಯಿಂದ ಕುಳಿತಿತ್ತು.

"ನೋಡಿದೇನು! ಶುದ್ಧ ಅಂದ್ರ ಶುದ್ಧ!"

ಶಶಿರೇಖಾ ದೂರದಲ್ಲೇ ನಿಂತು ಕಸಬರಿಗೆಯ ಹಿಡಿಯಿಂದ ಅದನ್ನು ಮೆಲ್ಲಗೆ ಮುಟ್ಟಿದರು. ಹುಳವು ಟಣ್ ಎಂದು ನೆಲಕ್ಕೆ ಬಿತ್ತು, ಹಿಂದೆಯೇ ಚಿಲಕ.

ಮತ್ತೆ ಬೆಸೆದರು. ಮತ್ತೆ ಟಣ್. ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೂ ಮಹಾರಥಿಗಳು ಕವಚ ಬಿಚ್ಚಿಟ್ಟು ಜಗಲಿಯ ಮೇಲೆ ಕುಳಿತಿದ್ದರು. ಬಳಿಕ ಎದ್ದು ಅಡುಗೆಮನೆಗೆ ಬಂದು, ಜೀರಿಗೆ ಡಬ್ಬಿಯನ್ನು ಕೈಗೆತ್ತಿಕೊಂಡರು.

ಶಶಿರೇಖಾ ಇಡ್ಲಿಯ ತಟ್ಟೆಯನ್ನು ಅವರ ಮುಂದೆ ಕುಕ್ಕಿದರು.

"ಇದ್ರೊಳಗ ಏನೇನು ಐತಿ, ಹೇಳ್ರಿ."

"ಅಕ್ಕಿ."

"ಬರೇ ಅಕ್ಕಿ?"

"ಉದ್ದಿನಬ್ಯಾಳಿ."

"ಬರೇ ಅಕ್ಕಿ ಬೇಯಿಸಿದ್ರ ಕಲ್ಲು ಆಗ್ತೈತಿ. ಅದಕ್ಕ ಪಾಲು ನೋಡಿ ಉದ್ದು ಬೆರಸ್ತೀನಿ. ಇಷ್ಟ ವರ್ಷ ಕಲಬೆರಕಿ ತಿನಸೇನಿ, ಹಾಕ್ರಿ ನನ್ನ ಮ್ಯಾಲೂ ಒಂದು ಕೇಸು!"

ಮಲ್ಲೇಶಪ್ಪನವರು ಇಡ್ಲಿಯನ್ನು ನೋಡಿದರು. ಮುರಿದು ನೋಡಿದರು. ಅಭ್ಯಾಸಬಲದಿಂದ ಮೂಸಿಯೂ ನೋಡಿದರು. ಸೇವಾವಧಿಯಲ್ಲಿ ಒಮ್ಮೆಯೂ ಹೊಳೆಯದ ಸಂಗತಿಯೊಂದು ಆ ಉನ್ನತ ಲಲಾಟದ ಒಳಗೆ ಕಷ್ಟಪಟ್ಟು ದಾರಿ ಮಾಡಿಕೊಂಡಿತು.

"ಬೆರಸೂದು ಬ್ಯಾರೆ, ಕಲಬೆರಕಿ ಬ್ಯಾರೆ ಅಂತಿ," ಎಂದರು ಕೊನೆಗೆ.

"ನಾ ಏನೂ ಅನ್ನಂಗಿಲ್ಲ. ನಾಳೆ ಪ್ರಭ್ಯಾ ಬರ್ತಾನ. ಜೀರಿಗಿ ಕೆಳಗಿಡ್ರಿ, ನಡೀರಿ."

ಅಂಗಡಿಯ ಮುಂದೆ ನಿಂತ ವೀರರ ತುಟಿಗೆ ಆ ಶಬ್ದ ಏರಲಿಲ್ಲ. "ಮಿ... ಮಿ..." ಎಂದು ಮೇಕೆಯ ಮರಿಯಂತೆ ತಡವರಿಸಿದಾಗ, "ಮಿಕ್ಸ್ ಕೊಡ್ರಿ," ಎಂದು ಶಶಿರೇಖಾ ಮುಗಿಸಿಕೊಟ್ಟರು. ನವಿಲುಬಣ್ಣದ ಸಿಲಿಂಡರನ್ನು ಒಳಗೆ ಉರುಳಿಸಿಕೊಳ್ಳುತ್ತ ಪರಶುರಾಮಸಾ ಮುಖದ ಮೇಲೆ ಹಬ್ಬ ಮಾಡಿಕೊಂಡರು. "ಇತಿಹಾಸ ಆತು ನೋಡ್ರಿ ಸಾಹೇಬ್ರ. ತಿರುಗಿ ಬಂದೀರಿ, ಆದ್ರ ಜಗಳ ಇಲ್ಲ."

ಬಂತು ಆದಿತ್ಯವಾರ. ವರಾಹಸೈನ್ಯ ಮತ್ತೆ ನುಗ್ಗದಂತೆ ಗೇಟು ಮುಚ್ಚಿ, ಚಿಲಕವನ್ನು ಅದರ ಕೊಂಡಿಯೊಳಗೆ ಸೇರಿಸಿ, ಮಲ್ಲೇಶಪ್ಪನವರು ನಳಿಕೆ ಹೂಡಿದರು. ಈ ಬಾರಿ ಜ್ವಾಲೆ ತಡವರಿಸಲಿಲ್ಲ; ಹದವಾದ ಎಣ್ಣೆಯಲ್ಲಿ ಬಜಿ ಕರಿದಂತೆ ಒಂದೇ ಸಮನೆ ಚುರುಗುಟ್ಟಿತು. ಬೆಸುಗೆ ಕಬ್ಬಿಣದೊಳಕ್ಕೆ ಇಳಿಯಿತು. ಶಶಿರೇಖಾ ಕಸಬರಿಗೆಯ ಹಿಡಿಯಿಂದ ಬಡಿದರು, ಬೀಳಲಿಲ್ಲ. ಒರಳಿನ ಗುಂಡಿನಿಂದ ಬಡಿದರು, ಬೀಳಲಿಲ್ಲ. ಆನಂದಪರವಶರಾದ ವೀರರು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಎಲ್ಲಿ ಕಬ್ಬಿಣ ಕಂಡಿತೋ ಅಲ್ಲೆಲ್ಲ ಬೆಸೆದರು.

ಮಧ್ಯಾಹ್ನ ಸ್ಕೂಟರ್ ಬಂದು ನಿಂತಿತು. ಪ್ರಭುಲಿಂಗ ಗೇಟನ್ನು ತಳ್ಳಿದ. ಭುಜ ಕೊಟ್ಟು ನೂಕಿದ. ಒದ್ದ. ಗೇಟು ಮೇರುಪರ್ವತದಂತೆ ನಿಂತಿತ್ತು.

"ಭಲೇ ಮಾವಾ! ಸೋತೆ. ಮಶೀನು ನಿಮ್ಮದ. ಇನ್ನ ಗೇಟ್ ತಗೀರಿ, ಹಸಿವಾಗೇತಿ."

ಮಲ್ಲೇಶಪ್ಪನವರು ಚಿಲಕ ಎಳೆದರು. ಎರಡೂ ಕೈಯಿಂದ ಎಳೆದರು. ಆಮೇಲೆ ಬಗ್ಗಿ ನೋಡಿದರು. ಚಿಲಕ, ಕೊಂಡಿ, ಗೇಟು ಮೂರೂ ಒಂದೇ ದೇಹವಾಗಿದ್ದವು.



"ಗೇಟು ಗಟ್ಟಿ ಹಾಕ್ಕೊಂಡಿರಬೇಕು ಅಂತ ಮಾತಾಗಿತ್ತಿಲ್ಲೋ?" ಎಂದರು ಮಲ್ಲೇಶಪ್ಪನವರು ಗಂಭೀರವಾಗಿ.

"ಹೌದ್ರಿ."

"ತಗೀಬೇಕು ಅಂತ ಆಗಿತ್ತೇನು?"

"ಇಲ್ರಿ ಮಾವಾ," ಎಂದ ಪ್ರಭುಲಿಂಗ, ಕಾಂಪೌಂಡಿನ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತ. "ಅಕ್ಕಾ, ಒಂದ ಸ್ಟೂಲ್ ಕೊಡ ಇತ್ತಾಗ."

ಹೀಗೆ ಬೆರಳುದ್ದದ ಚಿಲಕಕ್ಕಾಗಿ ನಡೆದ ಮಹಾಸಮರವು ಮುಗಿಯಲು, ಶಶಿರೇಖಾರೂಪಧಾರಿಣಿಯಾದ ವಿಜಯಶ್ರೀಯು ಅಡುಗೆಮನೆಯ ಸ್ಟೂಲನ್ನು ಗೋಡೆಯ ಮೇಲಿಂದ ಆಚೆಗೆ ದಾಟಿಸಿ, "ಸಾವಕಾಶ ಹತ್ತೋ, ಮ್ಯಾಲೆ ಗಾಜಿನ ಚೂರು ಅದಾವ," ಎಂದಳು.