ಗೊರಕೆಗೆ ಎಚ್ಚರವಾದ ದಿನ

ಬೊಲೋನ್ಯಾದ ಖಗೋಳ ವಿಜ್ಞಾನಿ ಎವಾರಿಸ್ತೊ ಆ ಬೆಳಿಗ್ಗೆ ನಿಂತ ಕಾಲಲ್ಲೇ ಕಾಫಿ ಹೀರುತ್ತ ಒಂದು ಇಡೀ ಗ್ಯಾಲಕ್ಸಿಯನ್ನು ದಾನ ಮಾಡಿಬಿಟ್ಟ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಅವನ ಪಾಲಿಗೆ ಎರಡು ಗ್ಯಾಲಕ್ಸಿಗಳಿದ್ದವು. ಎರಡರ ನಡುವೆಯೂ ಒಂದೊಂದು ದೈತ್ಯ ಕಪ್ಪುಕುಳಿ. ಅದರೊಳಕ್ಕೆ ಸುತ್ತಿ ಸುತ್ತಿ ಬೀಳುವ ಅನಿಲ ಕಾದು ಎಕ್ಸ್-ರೇ ಕಾರುತ್ತಿತ್ತು. ಗಂಟೆಗೊಂದು ಆಟ ತೋರಿಸುವ ಒಂದಕ್ಕೆ ಮಿಣುಕಿ ಎಂದು ಹೆಸರಿಟ್ಟಿದ್ದ. ವರ್ಷಗಟ್ಟಲೆ ಮಿಸುಕದ ಇನ್ನೊಂದಕ್ಕೆ ಗೊರಕೆ ಎಂದು. ಬಾಹ್ಯಾಕಾಶದ ದೊಡ್ಡ ದೂರದರ್ಶಕ ತನ್ನತ್ತ ತಿರುಗಿದಾಗೆಲ್ಲ ಮಿಣುಕಿ ಬಲು ಸಂಭಾವಿತೆ. ಅದು ಅತ್ತ ತಿರುಗಿದೊಡನೆ ಧಗ್ಗೆಂದು ಹೊತ್ತಿಕೊಳ್ಳುವಳು.

ಅಂದು ಆಕಾಶ ಕಾಯುವ ಚಿಕ್ಕ ಉಪಗ್ರಹವೊಂದು ಮಿಣುಕಿ ಹೊತ್ತಿಕೊಂಡಳೆಂದು ಸುದ್ದಿ ಕಳಿಸಿತ್ತು. ದೊಡ್ಡ ದೂರದರ್ಶಕವನ್ನು ತಕ್ಷಣ ತಿರುಗಿಸಲು ಆ ವರ್ಷ ಎವಾರಿಸ್ತೊಗೆ ಉಳಿದಿದ್ದದ್ದು ಒಂದೇ ಒಂದು ತುರ್ತು ಕೋರಿಕೆ. ಈಗ ಸಿಕ್ಕರೆ ಸಿಕ್ಕಳು, ಇಲ್ಲದಿದ್ದರೆ ಇಲ್ಲ.

"ಇನ್ಮೇಲೆ ನಂಗೆ ಮಿಣುಕಿ ಒಬ್ಳೇ ಸಾಕು. ಆ ಗೊರಕೆ ಬೇಕಿದ್ರೆ ನೀನೇ ಇಟ್ಕೋ," ಎಂದ, ಪಕ್ಕದ ಮೇಜಿನ ಓರ್ನೆಲ್ಲಾಗೆ.

"ಆಮೇಲೆ ವಾಪಸ್ ಕೇಳಬಾರ್ದು ಮತ್ತೆ!"

"ಕೇಳಲ್ಲ. ಪ್ರೊಫೆಸರೇ ಸಾಕ್ಷಿ."

ಹಿರಿಯರಾದ ತಿಬೇರಿಯೊ ಮೀಸೆಯ ಮೇಲಿನ ನೊರೆ ಒರೆಸಿಕೊಂಡು ತಲೆಯಾಡಿಸಿದರು.

ಕೋರಿಕೆ ಬರೆಯಲು ಕೂತರೆ ಇಬ್ಬರೂ ಬೆನ್ನ ಹಿಂದೆ ಹಾಜರು.

"ಅವಸರ ಮಾಡ್ಬೇಡ ಮಾರಾಯ. ಹೊತ್ಕೊಂಡಿದ್ದು ನಿಜವೋ, ಆ ಉಪಗ್ರಹ ಭ್ರಮಿಸಿತೋ, ಮೊದ್ಲು ನೋಡು," ಎಂದರು ತಿಬೇರಿಯೊ.

"ನೋಡ್ತಾ ಕೂತ್ರೆ ಆರಿ ಹೋಗುತ್ತೆ. ಕಳಿಸೋ!" ಎಂದಳು ಓರ್ನೆಲ್ಲಾ.

ಅವರು ವಾಕ್ಯ ತಿದ್ದಿದರು, ಇವಳು ಅದನ್ನು ಮತ್ತೆ ಮೊದಲಿನಂತೆ ಮಾಡಿದಳು. ಕೋರಿಕೆ ಹೋಗುವಾಗ ಊಟದ ಹೊತ್ತು. ಒಪ್ಪಿಗೆ ಬಂದದ್ದೇ ತಡ, ಎವಾರಿಸ್ತೊ ಓಡಿಹೋಗಿ ಕೆನೆ ತುಂಬಿದ ಸಿಹಿತಿಂಡಿಯ ಡಬ್ಬಿ ತಂದು ಮೇಜಿನ ಮೇಲಿಟ್ಟ.

ಓರ್ನೆಲ್ಲಾ ಹಾರಿಹೋಗಿ ಕಿಟಕಿ ಕೆಳಗಿನ ಕಬ್ಬಿಣದ ಕೊಳವೆ ಮುಟ್ಟಿದಳು. ತಿಬೇರಿಯೊ ಜೇಬಿನೊಳಗಿನ ಬೀಗದ ಕೈ ಹಿಡಿದುಕೊಂಡರು.

"ಫಲಿತಾಂಶ ಬರೋ ಮುಂಚೆ ಯಾರಾದ್ರೂ ಸಿಹಿ ತರ್ತಾರೇನೋ? ಅಪಶಕುನ! ಕಬ್ಬಿಣ ಮುಟ್ಟಿದ್ರೆ ಕಳೆಯುತ್ತೆ, ಮುಟ್ಟು, ಬೇಗ!" ಎಂದಳು ಓರ್ನೆಲ್ಲಾ.

"ನಾನು ವಿಜ್ಞಾನಿ. ಅದನ್ನೆಲ್ಲ ಮುಟ್ಟಲ್ಲ."

"ಮತ್ತೆ ನಾವೇನು ಕಮ್ಮಾರರೇನಯ್ಯ?" ಎಂದರು ತಿಬೇರಿಯೊ.

ಸಂಜೆ ದೂರದರ್ಶಕದಿಂದ ಮಿಣುಕಿಯ ಬೆಳಕಿನ ಏರಿಳಿತ ತೋರಿಸುವ ಗೆರೆ ಬಂತು. ಇಸ್ತ್ರಿ ಹಾಕಿದಷ್ಟು ನೇರ. ಮಿಣುಕಿ ತಣ್ಣಗೆ ಕೂತಿದ್ದಳು.

"ಕೋಟ್ಯಂತರ ವರ್ಷ ನಡೆದು ಬಂದ ಬೆಳಕು ಪ್ರೊಫೆಸರೇ! ನೀವು ಅಲ್ಪವಿರಾಮ ಹಾಕೋವರೆಗೂ ಕಾಯ್ಲಿಲ್ಲ," ಎಂದು ಎವಾರಿಸ್ತೊ ತಲೆ ಮೇಲೆ ಕೈಹೊತ್ತ.

ಅಷ್ಟರಲ್ಲಿ ಇನ್ನೊಂದು ಚಿತ್ರ ಇಳಿಯಿತು. ಆ ದೂರದರ್ಶಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಾಗಲೂ ಕಣ್ಣು ಮುಚ್ಚುವುದಿಲ್ಲ. ಮಿಣುಕಿಯತ್ತ ಹೊರಳುವ ದಾರಿಯಲ್ಲಿ ಅದಕ್ಕೊಂದು ಬೆಳಕು ರಾಚಿತ್ತು. ಮಾಮೂಲಿಗಿಂತ ನೂರು ಪಟ್ಟು. ಎವಾರಿಸ್ತೊ ಜಾಗ ನೋಡಿದವನೇ ಕುರ್ಚಿಯಿಂದ ನೆಗೆದ.

"ಗೊರಕೆ! ನನ್ನ ಗೊರಕೆ ಎದ್ದಿದೆ!"

ತಿಬೇರಿಯೊ ಮೆಲ್ಲಗೆ ಕೆಮ್ಮಿದರು. "ಬೆಳಿಗ್ಗೆ ಸಾಕ್ಷಿಗೆ ನಿಂತವನು ನಾನೇ ಕಣಯ್ಯ."

ಓರ್ನೆಲ್ಲಾಳ ಕಣ್ಣು ತುಂಬಿತ್ತು. ಎಷ್ಟೋ ವರ್ಷ ಉಪವಾಸವಿದ್ದ ಕಪ್ಪುಕುಳಿಗೆ ಒಮ್ಮೆಲೇ ಊಟ ಸಿಕ್ಕಿತ್ತು. ಒಂದು ಗ್ಯಾಲಕ್ಸಿಯ ನಕ್ಷತ್ರಗಳೆಲ್ಲ ಸೇರಿದರೂ ಸಾಟಿಯಾಗದ ಆ ಉರಿ, ಪರದೆಯ ಮೇಲೆ ಸಾಸಿವೆಯಷ್ಟು ಚುಕ್ಕೆ. ಎವಾರಿಸ್ತೊ ಹೊಟ್ಟೆಕಿಚ್ಚು ಪಡಲು ಹೊರಟವನು ಅದನ್ನೂ ಮರೆತು ನೋಡುತ್ತ ನಿಂತ. ಎಂಥ ಚೆಲುವು ಅನಿಸಿತು.

ಓರ್ನೆಲ್ಲಾ ತನ್ನ ಕೋರಿಕೆ ಕಳಿಸಿ, ದೂರದರ್ಶಕ ಗೊರಕೆಯತ್ತ ವಾಪಸು ಹೊರಳತೊಡಗಿದ ಮೇಲೆ, ಅವನದೇ ಡಬ್ಬಿ ತೆರೆದು ಅವನ ಮುಂದೆಯೇ ಹಿಡಿದಳು.

"ತಗೋ, ಮೊದಲ್ನೇದು ನಿಂಗೇ. ನನ್ನ ಗೊರಕೆಗೆ ಎಚ್ಚರ ಆಗಿದ್ದಕ್ಕೆ."

ಬಾಯಿತುಂಬ ಕೆನೆ ಇರುವಾಗಲೇ ಅವನ ಫೋನು ಸದ್ದು ಮಾಡಿತು. ಚಿಕ್ಕ ಉಪಗ್ರಹದ ಸುದ್ದಿ: ಮಿಣುಕಿ ಮತ್ತೆ ಹೊತ್ತಿಕೊಂಡಿದ್ದಾಳೆ, ಬೆಳಗಿನದಕ್ಕಿಂತ ಜೋರಾಗಿ.

ಎವಾರಿಸ್ತೊ ಎದ್ದು ಹೋಗಿ ಕಿಟಕಿ ಕೆಳಗಿನ ಕಬ್ಬಿಣದ ಕೊಳವೆಯನ್ನು ಎರಡೂ ಕೈಯಲ್ಲಿ ತಬ್ಬಿ ಕೂತ.