ಮರವಲ್ಲ, ಸಿಮೆಂಟು

ಎಲ್ಲ ರಗಳೆಯೂ ಶುರುವಾದದ್ದು ಒಂದು ಗಂಟಿನಿಂದ. ಮರದ ಹಲಗೆಯಲ್ಲಿ, ಹಿಂದೊಮ್ಮೆ ಕೊಂಬೆಯಿದ್ದ ಕಡೆ, ಕಣ್ಣಿನ ಹಾಗೆ ಉಳಿದಿರುತ್ತದಲ್ಲ, ಅಂಥ ಗಂಟು. ಅದು ನಿಜವಾದ ಗಂಟೂ ಅಲ್ಲ. ಸಿಮೆಂಟು ನೆಲದಲ್ಲಿ ಕೊರೆದು ಬಣ್ಣ ಕೂರಿಸಿದ್ದು.

ಎದುರುಮನೆಯ ದೊಡ್ಡಮ್ಮ ಬೆಳಿಗ್ಗೆ, ಎರವಲು ಒಯ್ದಿದ್ದ ಜರಡಿಯನ್ನು ಹಿಂದಿರುಗಿಸಲು ಬಂದವರು, ಹೊಸ್ತಿಲು ದಾಟಿ ಆ ಗಂಟನ್ನು ಕಂಡು ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ಕೆಸರು ದಾಟುವವರಂತೆ ಅದನ್ನು ಬಳಸಿಕೊಂಡು ಒಳಗೆ ಬಂದರು. ಅವರಿಗೆ ಸ್ವಂತ ತಂಗಿಯರಿಲ್ಲ, ತಂಗಿಯರ ಮಕ್ಕಳಂತೂ ಇಲ್ಲವೇ ಇಲ್ಲ. ಆದರೂ ಬೀದಿಗೆಲ್ಲ ದೊಡ್ಡಮ್ಮ.

"ಏನಪ್ಪ, ಮರ ಹಾಕಿಸಿಬಿಟ್ಟೆಯಲ್ಲ" ಅಂದರು.

ಆ ಮನೆಯಲ್ಲಿ ಬಾಡಿಗೆಗಿದ್ದವನು ವಾರದ ರಜೆಯ ಸುಖದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದ. ಕನ್ನಡಕದ ಅಂಗಡಿಯೊಂದರಲ್ಲಿ ಅವನು ಗುಮಾಸ್ತ. ವಾರವೆಲ್ಲ ಗೋಡೆಯ ಮೇಲಿನ ಅಕ್ಷರ ತೋರಿಸಿ, "ಇದು ಕಾಣುತ್ತಾ? ಈಗ ಕಾಣುತ್ತಾ?" ಎಂದು ಕೇಳಿ ಕೇಳಿ, ಕಣ್ಣಿರುವುದಕ್ಕೂ ಕಾಣುವುದಕ್ಕೂ ಹೆಚ್ಚಿನ ಸಂಬಂಧವಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ.

"ಮರ ಅಲ್ಲ ದೊಡ್ಡಮ್ಮ, ಸಿಮೆಂಟು. ಮೊದ್ಲಿದ್ದ ನೆಲಾನೇ. ಗೆರೆ ಕೊರೆದು ಬಣ್ಣ ಹಾಕಿರೋದು."

ದೊಡ್ಡಮ್ಮ ನೆಲ ನೋಡಿದರು, ಅವನ ಮುಖ ನೋಡಿದರು, ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಆಯ್ತಪ್ಪ, ಸಿಮೆಂಟು. ಓನರ್ ಕೇಳಿದ್ರೆ ನಾನೂ ಸಿಮೆಂಟು ಅಂತಾನೇ ಹೇಳ್ತೀನಿ. ನನ್ನ ಬಾಯಿಂದ ಒಂದು ಮಾತು ಆಚೆ ಹೋಗಲ್ಲ."

ದೊಡ್ಡಮ್ಮನ ಬಾಯಲ್ಲಿ ಮಾತು ನಿಲ್ಲುವುದೂ, ಅವರು ತಂದಿಟ್ಟ ಜರಡಿಯಲ್ಲಿ ನೀರು ನಿಲ್ಲುವುದೂ ಒಂದೇ.

ಅವರು ಓನರ್ ಹೆಸರೆತ್ತಿದ್ದಕ್ಕೆ ಕಾರಣವಿತ್ತು. ಈ ಮನೆಯ ಮಾಲೀಕರಿಗೆ ಮೊಳೆ ಎಂದರೆ ಆಗದು. ಮನೆಗೆ ಮೊಳೆ ಹೊಡೆದರೆ ಅವರಿಗೆ ಪಕ್ಕೆಗೇ ಹೊಡೆದಷ್ಟು ನೋವು. ಹೀಗಾಗಿ ಈ ಮನೆಯಲ್ಲಿ ಗಡಿಯಾರ ಸ್ಟೂಲಿನ ಮೇಲೆ ಕೂತಿತ್ತು, ಕನ್ನಡಿ ಗೋಡೆಗೆ ಒರಗಿ ನಿಂತಿತ್ತು, ಗುಮಾಸ್ತ ಬಗ್ಗಿ ಕ್ರಾಪು ತೆಗೆಯುತ್ತಿದ್ದ. ಆದರೂ ಬಿಡುವ ಮನೆಯಲ್ಲ. ಅವನ ಅಂಗಡಿಗೂ, ಅವನ ಹೆಂಡತಿ ಕೆಲಸ ಮಾಡುವ ಔಷಧಿ ಅಂಗಡಿಗೂ ನಡೆದೇ ಹೋಗಬಹುದಾದ ಮನೆಯೊಂದು ಸಿಗಲು ಇಬ್ಬರೂ ಚಪ್ಪಲಿ ಸವೆಸಿದ್ದರು. ಇದ್ದ ಕೊರತೆ ನೆಲದ್ದೊಂದೇ. ತೇಪೆ ಮೇಲೆ ತೇಪೆ ಬಿದ್ದು, ಅದು ಕಜ್ಜಿ ಹತ್ತಿದ ಎಮ್ಮೆಯ ಬೆನ್ನಿನಂತಿತ್ತು.

ಹೆಂಡತಿಯ ತಮ್ಮ ಕಾಂಕ್ರೀಟು ನೆಲಕ್ಕೆ ಗೆರೆ ಕೊರೆದು ಬಣ್ಣ ಕಟ್ಟುವ ಕೆಲಸ ಕಲಿತು ಬಂದಿದ್ದ. "ಅಕ್ಕ, ನಿಮ್ಮನೆ ನೆಲದ ಮೇಲೆ ಕೈ ಪಳಗಿಸ್ಕೋತೀನಿ" ಅಂದ. ಗುಮಾಸ್ತ ಮಾಲೀಕರಿಗೆ ಫೋನ್ ಮಾಡಿ ಅಪ್ಪಣೆಯನ್ನೂ ಕೇಳಿದ್ದ. "ಬಣ್ಣ ತಾನೆ? ಹಚ್ಕೊಳ್ಳಿ. ಮೊಳೆ ಮಾತ್ರ ಹೊಡೀಬೇಡಿ" ಅಂದಿದ್ದರು.

ಆಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲೇ ಉಂಡು ಅಲ್ಲೇ ಮಲಗಿದರು. ಭಾವಮೈದುನ ನಡುಮನೆಯ ಬಾಗಿಲು ಹಾಕಿಕೊಂಡು, ಹಳೆಯ ತೇಪೆಗಳನ್ನೆಲ್ಲ ಉಜ್ಜಿ ಸಮ ಮಾಡಿದ. ಮಷೀನಿನಲ್ಲಿ ಹಲಗೆಯ ಅಗಲಕ್ಕೆ ಗೆರೆ ಕೊರೆದ. ಸಣ್ಣ ಬ್ಲೇಡು ಹಿಡಿದು ಎಳೆ, ಸುಳಿ, ಗಂಟುಗಳನ್ನು ಕೆತ್ತಿದ. ಕೊನೆಗೆ ಆ್ಯಸಿಡ್ಡಿನ ಬಣ್ಣ ಸುರಿದಾಗ ಮೊದಲು ಏನೂ ಕಾಣಲಿಲ್ಲ; ಸಿಮೆಂಟನ್ನು ಅದು ಕಚ್ಚಿಕೊಂಡ ಮೇಲೆ ನೆಲದ ಒಳಗಿಂದಲೇ ಕಂದು ಬಣ್ಣ ಎದ್ದು ಬಂತು. ಮೇಲೊಂದು ಹೊಳಪಿನ ಲೇಪ ಕೊಟ್ಟು, ನಿನ್ನೆ ಅವನು ಇನ್ನೊಂದು ಕೆಲಸಕ್ಕೆ ಹೊರಟುಹೋಗಿದ್ದ.

ದೊಡ್ಡಮ್ಮ ಹೋದ ಸ್ವಲ್ಪ ಹೊತ್ತಿಗೇ ಬೀದಿಯ ತಿರುವಿನ ಬಡಗಿ ಬಂದ. ಮುಖ ಊದಿತ್ತು.

"ಒಂದೇ ಬೀದೀಲಿದ್ದೀವಿ. ಮರದ ಕೆಲಸ ಇದ್ರೆ ನನಗೊಂದು ಮಾತು ಹೇಳಬಾರದಿತ್ತಾ ಸಾರ್?"

"ಮರದ ಕೆಲಸವೇ ಅಲ್ಲ ಮಾರಾಯ, ಸಿಮೆಂಟು."

ಬಡಗಿ ನಕ್ಕ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳ ಗಂಟಿನಿಂದ ಕುಟ್ಟಿ, ವೈದ್ಯನ ಹಾಗೆ ಕಿವಿಗೊಟ್ಟು ಆಲಿಸಿದ. ಮೂಸಿ ನೋಡಿದ. "ತೇಗ" ಅಂದ. ಮತ್ತೊಮ್ಮೆ ಕುಟ್ಟಿ, "ಹಳೇ ತೇಗ. ಎಣ್ಣೆ ಕುಡಿದು ಗಟ್ಟಿಯಾಗಿದೆ. ಆದ್ರೆ ಹಾಕಿದವನಿಗೆ ಕೆಲಸ ಬರಲ್ಲ. ಸಿಮೆಂಟಿನ ಮೇಲೆ ನೇರವಾಗಿ ಕೂರ್ಸಿದ್ದಾನೆ, ಅಡಿಯಲ್ಲಿ ಗಾಳಿಯಾಡಲ್ಲ. ಗೆದ್ದಲು ಹತ್ತುತ್ತೆ" ಅಂದ.

"ಸಿಮೆಂಟಿಗೆ ಗೆದ್ದಲು ಹೇಗಪ್ಪ ಹತ್ತುತ್ತೆ?"

"ಸಿಮೆಂಟಿಗೆ ಹತ್ತಲ್ಲ ಸಾರ್. ಮರಕ್ಕೆ ಹತ್ತುತ್ತೆ."

ಕಿಟಕಿಯಾಚೆ ನಿಂತಿದ್ದ ದೊಡ್ಡಮ್ಮನಿಗೆ ಗೆದ್ದಲು ಎಂಬ ಒಂದೇ ಮಾತು ಕೇಳಿಸಿತ್ತು. ಅವರ ಮನೆಯ ಬಾಗಿಲು, ಕಿಟಕಿ, ಕಪಾಟು ಎಲ್ಲ ಮರದ್ದು. ಇಲಿ ಅಂದರೆ ಹುಲಿ ಅನ್ನುವ ಬೀದಿ ಅದು; ಮಧ್ಯಾಹ್ನದ ಊಟದ ಹೊತ್ತಿಗೆ, ಕನ್ನಡಕದವರ ಮನೆಯಲ್ಲಿ ಗೆದ್ದಲು ಎದ್ದು ರಸ್ತೆ ದಾಟುತ್ತಿದೆ ಎಂದಾಗಿತ್ತು.

ಗುಮಾಸ್ತ ಭಾವಮೈದುನನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ ಮೇಲೆ ಎತ್ತಿದ. ಹಿಂದೆ ಮಷೀನು ಅರಚುತ್ತಿತ್ತು.

"ಎಲ್ರೂ ಮರ ಅಂತಿದ್ದಾರೆ ಕಣೋ. ನೀನು ಬಂದು ಒಂದು ಮಾತು ಹೇಳಿ ಹೋಗು."

"ಯಾರು ಅಂದ್ರು ಭಾವ?"

"ಬಡಗೀನೇ ಅಂದ. ತೇಗ ಅಂತೆ."

"ಬಡಗಿ ತೇಗ ಅಂದ್ನಾ? ಭಾವ, ಸ್ಪೀಕರ್ ಹಾಕ್ತೀನಿ, ಇಲ್ಲಿ ನಮ್ಮ ಮೇಸ್ತ್ರಿ ಇದ್ದಾರೆ, ಇನ್ನೊಂದ್ಸಲ ಹೇಳಿ."

ಗುಮಾಸ್ತ ಫೋನ್ ಇಟ್ಟ. ಇಟ್ಟು ತಿರುಗಿದರೆ ದೊಡ್ಡಮ್ಮ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತು ಗೆದ್ದಲಿನ ಎಣ್ಣೆಯನ್ನು ಧಾರಾಳವಾಗಿ ನೆಲದ ಮೇಲೆ ಸುರಿಯುತ್ತಿದ್ದರು. ತಡೆಯಲು ಓಡಿದ ಗುಮಾಸ್ತ ಎಣ್ಣೆಯ ಮೇಲೆ ಕಾಲಿಟ್ಟು, ನಡುಮನೆಯ ಈ ತುದಿಯಿಂದ ಆ ತುದಿಗೆ ಕೂತುಕೊಂಡೇ ಜಾರಿದ.

"ನೋಡು, ಎಷ್ಟು ನುಣುಪು" ಅಂದರು ದೊಡ್ಡಮ್ಮ. "ಸಿಮೆಂಟಾಗಿದ್ರೆ ಹೀಗೆ ಜಾರ್ತಿತ್ತಾ?"

ಹೆಂಡತಿ ಸೋಪಿನ ನೀರು ಹಾಕಿ ಉಜ್ಜಿದಳು. ಗಂಡನ ಸೊಂಟಕ್ಕೂ ಏನೋ ಹಚ್ಚಿದಳು. ನಾತ ಎರಡು ಕಡೆಯಿಂದಲೂ ಹೋಗಲಿಲ್ಲ. "ರೀ, ಮರ ಅಂದುಕೊಂಡ್ರೆ ಅಂದುಕೊಳ್ಳಲಿ ಬಿಡಿ. ನಿಮಗೇನು ಹಟ?" ಅಂದಳು.

"ಕಣ್ಣೆದುರಿಗೆ ಇರೋದನ್ನ ಇಲ್ಲ ಅಂತಾರಲ್ಲೇ" ಅಂದ ಗುಮಾಸ್ತ. ಆ ಹೊತ್ತಿಗೆ ಅವನಿಗೆ ಸೊಂಟಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು.

ಸಂಜೆಗೆ ಮುಂಚೆ ಮಾಲೀಕರು ಬಂದರು; ಅವರ ಬೆನ್ನಿಗೇ ದೊಡ್ಡಮ್ಮನೂ, ಚೀಲ ಹೆಗಲಿಗೇರಿಸಿದ ಬಡಗಿಯೂ ಒಳಗೆ ಬಂದರು. ಯಾರು ಸುದ್ದಿ ಕೊಟ್ಟರೆಂದು ಯಾರೂ ಹೇಳಲಿಲ್ಲ, ಆದರೆ ದೊಡ್ಡಮ್ಮ ತಾವಾಗಿಯೇ "ನಾನಂತೂ ಅಲ್ಲಪ್ಪ" ಅಂದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿಕೊಂಡ ಹಾಗಾಯಿತು. ಮಾಲೀಕರ ಜೊತೆ ಅವರ ಮಗಳೂ ಬಂದಿದ್ದಳು. ಮದುವೆಯಾಗಿ ಗಂಡನ ಜೊತೆ ತಂದೆಯ ಮನೆಯಲ್ಲೇ ಇದ್ದಳು. ಅವಳು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ಮೆಲ್ಲಗೆ ಓಡಾಡತೊಡಗಿದಳು. ಅವಳ ತಂದೆ ಮಾತ್ರ ಟಾರ್ಚು ಹಿಡಿದು ಮೊಣಕಾಲೂರಿದರು.

"ಮೊಳೆ ಎಲ್ಲಿ?"

"ಮೊಳೆ ಇಲ್ಲ ಸಾರ್. ಮರವೇ ಇಲ್ಲ. ಇದು ನಿಮ್ಮದೇ ಸಿಮೆಂಟು ನೆಲ."

"ಮೊಳೆ ತಲೆ ಕಾಣದ ಹಾಗೆ ಹೊಡೆಸಿದ್ದೀರಿ. ನನ್ನನ್ನ ಕುರುಡ ಅಂದ್ಕೊಂಡ್ರಾ? ನಾನು ಕೊಟ್ಟಿದ್ದು ಸಿಮೆಂಟು ನೆಲ. ಈ ಹಲಗೆ ಕಿತ್ತು, ನನ್ನ ಸಿಮೆಂಟು ನೆಲ ನನಗೆ ತೋರಿಸಿ. ಇಲ್ಲ, ಮನೆ ಖಾಲಿ ಮಾಡಿ."

ಗುಮಾಸ್ತನಿಗೆ ಸವೆದ ಚಪ್ಪಲಿಗಳೆಲ್ಲ ಕಣ್ಣಮುಂದೆ ಬಂದವು. ಹೆಂಡತಿಯ ಹೊಲಿಗೆ ಡಬ್ಬಿಯಲ್ಲಿ ಸೂಜಿ ಹೆಕ್ಕಲು ಇಟ್ಟಿದ್ದ ಅಯಸ್ಕಾಂತ ತಂದು, ನೆಲದ ಉದ್ದಗಲಕ್ಕೂ ಎಳೆದು ತೋರಿಸಿದ. "ನೋಡಿ ಸಾರ್, ಎಲ್ಲೂ ಹಿಡಿಯಲ್ಲ. ಮೊಳೆ ಇದ್ದಿದ್ರೆ ಹಿಡೀತಿತ್ತು."

"ಹಿತ್ತಾಳೆ ಮೊಳೆ" ಅಂದ ಬಡಗಿ.

ಗುಮಾಸ್ತ ಬೆಂಕಿಕಡ್ಡಿ ಗೀರಿ ನೆಲದ ಮೇಲಿಟ್ಟ. ಕಡ್ಡಿ ಉರಿದು ತಾನೇ ಕರಕಾಯಿತು, ನೆಲಕ್ಕೆ ಏನೂ ಆಗಲಿಲ್ಲ.

"ಅದಕ್ಕೇ ತೇಗ ಅಂದಿದ್ದು" ಅಂದ ಬಡಗಿ. "ಒಂದು ಕಡ್ಡಿಗೆ ಹೊತ್ತಿಕೊಳ್ಳೋಕೆ ಅದೇನು ಸೌದೆನಾ?"

"ನೀವೇ ಮುಟ್ಟಿ ನೋಡಿ ಸಾರ್, ಎಷ್ಟು ತಣ್ಣಗಿದೆ" ಎಂದು ಗುಮಾಸ್ತ ಮಾಲೀಕರ ಕೈ ಹಿಡಿದು ನೆಲಕ್ಕೆ ಒತ್ತಿದ. ಮಾಲೀಕರು ಕೈ ಮೂಸಿಕೊಂಡು, "ಗೆದ್ದಲಿನ ಎಣ್ಣೆ ಹಾಕಿದ್ದೀರಿ" ಅಂದರು. "ಸಿಮೆಂಟು ನೆಲಕ್ಕೆ ಯಾರಾದ್ರೂ ಗೆದ್ದಲಿನ ಎಣ್ಣೆ ಹಾಕ್ತಾರಾ?"

ಗುಮಾಸ್ತ ದೊಡ್ಡಮ್ಮನ ಕಡೆ ನೋಡಿದ. ದೊಡ್ಡಮ್ಮ ಜಂತಿ ಎಣಿಸುತ್ತಿದ್ದರು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಾರೆ. ಇಲ್ಲಿ ಕಲ್ಲಿನಂಥ ನೆಲದಲ್ಲೂ ಇವರಿಗೆ ಮರವೇ ಕಾಣುತ್ತಿತ್ತು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಗುಮಾಸ್ತನ ತಾಳ್ಮೆಯ ಕಟ್ಟೆ ಒಡೆಯಿತು. ಬಡಗಿಯ ಚೀಲದಿಂದ ಉಳಿಯನ್ನೂ ಸುತ್ತಿಗೆಯನ್ನೂ ಕಿತ್ತುಕೊಂಡು, ಕಿಟಕಿಯ ಕೆಳಗಿನ ಮೂಲೆಯಲ್ಲಿ, ಭಾವಮೈದುನ ಒಂದು ಸುಂದರ ಸುಳಿ ಕೆತ್ತಿದ್ದ ಜಾಗದಲ್ಲೇ ಊರಿದ.

"ರೀ, ಬೇಡ ರೀ" ಎಂದಳು ಹೆಂಡತಿ. ಅಷ್ಟರಲ್ಲಿ ಏಟು ಬಿದ್ದಾಗಿತ್ತು. ಉಳಿಯಿಂದ ಕಿಡಿ ಹಾರಿತು. ಎರಡನೆಯ ಏಟಿಗೆ ಅಂಗೈಯಷ್ಟು ಚಕ್ಕೆ ಎದ್ದು, ಸುಳಿಯ ಸಮೇತ ಎರಡು ತುಂಡಾಗಿ ಬಿತ್ತು. ಒಳಗೆ ಬೂದು ಸಿಮೆಂಟು, ಸಣ್ಣ ಜಲ್ಲಿ, ಪುಡಿ.

ಬಡಗಿ ಉಳಿಯನ್ನು ಹಿಂದಕ್ಕೆ ಪಡೆದು ಮುರಿದ ಬಾಯಿ ನೋಡಿದ. ತೇಗದ ಮಾತನ್ನು ಮತ್ತೆ ಎತ್ತಲಿಲ್ಲ. ಮಾಲೀಕರು ಪುಡಿಯನ್ನು ಬೆರಳಲ್ಲಿ ಉಜ್ಜಿದರು, ಟಾರ್ಚಿನ ಬೆಳಕು ಬಿಟ್ಟು ನೋಡಿದರು, ಚಕ್ಕೆಯನ್ನು ಕೈಯಲ್ಲಿ ತೂಗಿದರು.

"ಸಿಮೆಂಟೇ" ಅಂದರು.

ಗುಮಾಸ್ತ ಸುತ್ತಿಗೆ ಕೆಳಗಿಟ್ಟ. ಇಡೀ ದಿನದಲ್ಲಿ ಒಬ್ಬ ಮನುಷ್ಯನಿಗೆ ಕಣ್ಣು ಕಂಡಿತ್ತು.

"ಅಂದ್ರೆ, ಇದನ್ನ ಕಿತ್ತುಕೊಂಡು ಹೋಗೋಕೆ ಆಗಲ್ಲ?" ಎಂದು ಮಾಲೀಕರು ಕೇಳಿದರು. ದನಿ ಮೆತ್ತಗಾಗಿತ್ತು.

"ಕೀಳೋದೆಲ್ಲಿಂದ ಬಂತು ಸಾರ್. ಮನೆ ಇರೋವರೆಗೂ ಇರುತ್ತೆ."

"ಬಣ್ಣ ಹೋಗುತ್ತಾ?"

"ಮೇಲೆ ಬಳಿದಿದ್ರೆ ತಾನೆ ಹೋಗೋದು? ಸಿಮೆಂಟಿನೊಳಗೇ ಇಳಿದಿದೆ." ಅಂಗಡಿಯಲ್ಲಿ ಗಿರಾಕಿಗೆ ಫ್ರೇಮು ಹೊಗಳುವ ಅಭ್ಯಾಸ ಅವನ ನಾಲಗೆಗೆ ಬಂದುಬಿಟ್ಟಿತು. "ನೀರು ಬಿದ್ರೂ ಉಬ್ಬಲ್ಲ, ಹುಳ ಹಿಡಿಯಲ್ಲ, ಒರೆಸಿದ್ರೆ ಹೊಳೆಯುತ್ತೆ. ನಿಮ್ಮ ಮೊಮ್ಮಕ್ಕಳು ಆಡೋ ಕಾಲಕ್ಕೂ ಹೀಗೇ ಇರುತ್ತೆ ಸಾರ್."

ಮಾಲೀಕರು ಮಗಳ ಕಡೆ ನೋಡಿದರು. ಮಗಳು ತಲೆಯಾಡಿಸಿದಳು. ಮಾಲೀಕರು ಎದ್ದು ಬಂದು, ಮನೆ ಬಾಡಿಗೆಗೆ ಕೊಟ್ಟ ದಿನದಿಂದ ಮೊದಲ ಬಾರಿಗೆ, ಗುಮಾಸ್ತನ ಹೆಗಲ ಮೇಲೆ ಕೈ ಹಾಕಿದರು.

"ಎಷ್ಟೋ ಜನ ಬಾಡಿಗೆಗೆ ಬಂದ್ರು, ಹೋದ್ರು. ನಿಮ್ಮಂಥವರನ್ನ ನಾನು ನೋಡಿಲ್ಲ. ಇವಳು ಬೇರೆ ಮನೆ ಮಾಡ್ಬೇಕು ಅಂತ ಒಂದೇ ಸಮ ಕಾಡ್ತಿದ್ಲು. ಈ ಮನೇಲಿ ಇರಮ್ಮ ಅಂದ್ರೆ, ಅಪ್ಪ, ಆ ನೆಲದ ಮೇಲೆ ನಾನು ಕಾಲಿಡಲ್ಲ ಅಂತಿದ್ಲು. ಈಗ ನೋಡಿ, ಚಪ್ಪಲಿ ಬಿಟ್ಟು ಓಡಾಡ್ತಿದ್ದಾಳೆ. ಆತುರ ಏನಿಲ್ಲ, ನಿಧಾನಕ್ಕೆ ಬೇರೆ ಮನೆ ನೋಡ್ಕೊಳ್ಳಿ. ಮುಂದಿನ ತಿಂಗಳು ಬಿಟ್ರೆ ಸಾಕು. ಹೋಗೋ ಮುಂಚೆ ಆ ಮೂಲೆ ಮಾತ್ರ ನಿಮ್ಮ ಬಾಮೈದನ ಕೈಲಿ ಸರಿಮಾಡಿಸಿಬಿಡಿ."

ಹೆಂಡತಿ ನಿಂತಲ್ಲೇ ಸ್ಟೂಲಿನ ಮೇಲಿನ ಗಡಿಯಾರವನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟಳು. ಮಗಳು ಆಗಲೇ ಸೋಫಾ ಎಲ್ಲಿಡುವುದೆಂದು ಗೇಣು ಹಾಕುತ್ತಿದ್ದಳು.

"ಸಾರ್" ಅಂದ ಗುಮಾಸ್ತ. "ನಿಮ್ಮ ಹತ್ರ ಮುಚ್ಚಿಡೋದು ಯಾಕೆ, ನಿಜ ಹೇಳಿಬಿಡ್ತೀನಿ. ಇದು ಮರಾನೇ ಸಾರ್. ಆ ಮೂಲೆ ಒಂದು ಮಾತ್ರ ಸಿಮೆಂಟು, ಮಿಕ್ಕಿದ್ದೆಲ್ಲ ಹಲಗೆ. ಎಲ್ಲ ಕಡೆ ಮೊಳೆ ಹೊಡೆಸಿದ್ದೀನಿ, ಹಿತ್ತಾಳೆ ಮೊಳೆ. ಗೆದ್ದಲೂ ಹತ್ತಿದೆ. ಬೇಕಾದ್ರೆ ದೊಡ್ಡಮ್ಮನ್ನ ಕೇಳಿ."

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಮುಂದೆ ಬಂದು, ಚಕ್ಕೆ ಎದ್ದ ಜಾಗವನ್ನು ಬಗ್ಗಿ ನೋಡಿ, ಅವನನ್ನು ಮರುಕದಿಂದ ದಿಟ್ಟಿಸಿದರು.

"ಕಣ್ಣೆದುರಿಗೇ ಕಾಣ್ತಿದೆಯಲ್ಲಪ್ಪ ಸಿಮೆಂಟು" ಅಂದರು. "ಯಾಕಪ್ಪ ಸುಳ್ಳು ಹೇಳ್ತೀಯ?"